ತಂತ್ರಗಾರ ಸ್ಟುಡಿಯೊಗೆ ಬಂದ ಮೇಲೆ

ಭಾಗಮಂಡಲದಿಂದ ಘಟ್ಟ ಇಳಿಯುವ ರಸ್ತೆ ಕರಿಕೆ ದಾಟಿ, ಚೆಂಬೇರಿಯ ಗಡಿ ಮುಗಿಸಿ ಕೇರಳದ ಪಾಣತ್ತೂರಿಗೆ ಸೇರುತ್ತದೆ. ಈಚೆ ಮೈಸೂರು–ಕೊಡಗು ಲೋಕಸಭಾ ಕ್ಷೇತ್ರ, ಆಚೆ ಕಾಸರಗೋಡು. 2019ರಲ್ಲಿ ಈ ಎರಡು ಕ್ಷೇತ್ರಗಳ ಮತದಾನಕ್ಕೆ ಐದು ದಿನಗಳ ಅಂತರವಿತ್ತು. 2024ರಲ್ಲಿ ಎರಡೂ ಕಡೆ ಒಂದೇ ದಿನ, ಏಪ್ರಿಲ್ 26ರ ಶುಕ್ರವಾರ. ಇನ್ನೊಂದು ಹೋಲಿಕೆಯೂ ಇತ್ತು. ಈಚೆಗೆ ಕಾಂಗ್ರೆಸ್ಸಿನ ಅಭ್ಯರ್ಥಿ ಎಂ. ಲಕ್ಷ್ಮಣ, ಪಕ್ಷದ ವಕ್ತಾರರಾಗಿ ಟಿ.ವಿ. ಚರ್ಚೆಗಳಲ್ಲಿ ಕಂಡ ಮುಖ. ಆಚೆಗೆ ಅದೇ ಪಕ್ಷದ ರಾಜಮೋಹನ್ ಉಣ್ಣಿತ್ತಾನ್, ಮಲಯಾಳಂ ಚಾನೆಲ್‌ಗಳ ಚರ್ಚೆಯಲ್ಲಿ ಪಳಗಿದ ಮಾತುಗಾರ, ಜತೆಗೆ ಸಿನಿಮಾ ನಟ. ಕನ್ನಡ, ಮಲಯಾಳಂ, ಅರೆಭಾಷೆ ಎಲ್ಲವೂ ಓಡಾಡುವ ಊರಿನಲ್ಲಿ ರಿಮೋಟಿನ ಗುಂಡಿ ಒತ್ತಿದರೆ ಇಬ್ಬರೂ ಸಿಗುತ್ತಿದ್ದರು.

ಉಣ್ಣಿತ್ತಾನ್ ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಲಕ್ಷ್ಮಣ ಸುಮಾರು 1.39 ಲಕ್ಷ ಮತಗಳಿಂದ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಎದುರು ಸೋತರು. ಚರ್ಚೆಯ ಕುರ್ಚಿ ಗೆಲುವನ್ನೂ ಕೊಡಲಿಲ್ಲ, ಸೋಲನ್ನೂ ತರಲಿಲ್ಲ. ಆದರೆ ಅಲ್ಲಿ ಕೂತವರಿಗೆ ಜನ ಲೆಕ್ಕ ಕೇಳುವ ಒಂದು ದಿನ ಬಂತು.

ಅವರ ಪಕ್ಕದ ಕುರ್ಚಿಯಲ್ಲಿ ಕೂರುವ ಇನ್ನೊಬ್ಬರ ಕಥೆ ಬೇರೆ. ಪರದೆಯ ಕೆಳಗಿನ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ರಾಜಕೀಯ ವಿಶ್ಲೇಷಕ’ ಎಂದಿರುತ್ತದೆ. ಕರಿಕೆಯವರು ಮತ ಹಾಕಿದ ಮೇಲೆ ಫಲಿತಾಂಶಕ್ಕೆ ಜೂನ್ 4ರವರೆಗೆ, ಅಂದರೆ 39 ದಿನ ಕಾಯಬೇಕಾಯಿತು. ಜನಪ್ರಾತಿನಿಧ್ಯ ಕಾಯ್ದೆಯ 126ಎ ಕಲಮಿನ ಪ್ರಕಾರ ಜೂನ್ 1ರ ಸಂಜೆ ಆರೂವರೆಯವರೆಗೆ ಮತಗಟ್ಟೆ ಸಮೀಕ್ಷೆ ಪ್ರಕಟಿಸುವಂತಿರಲಿಲ್ಲ. ಸಮೀಕ್ಷೆಯ ಬಾಯಿ ಕಟ್ಟಿದ್ದ ಆ ದಿನಗಳಲ್ಲಿ ವಿಶ್ಲೇಷಕರ ಬಾಯಿ ಮಾತ್ರ ಬಿಡುವಿಲ್ಲದೆ ಓಡಿತು. ಅವರಲ್ಲಿ ಬಹಳ ಜನ ಒಂದು ಕಾಲಕ್ಕೆ ಯಾವುದೋ ಪಕ್ಷದ, ಯಾವುದೋ ನಾಯಕನ ಲೆಕ್ಕ ಬರೆದುಕೊಟ್ಟವರು. ತೆರೆಮರೆಯಲ್ಲಿ ನಿಖರವಾಗಿದ್ದವರ ಲೆಕ್ಕ ತೆರೆಯ ಮೇಲೆ ಬಂದೊಡನೆ ಯಾಕೆ ಹಳಿ ತಪ್ಪುತ್ತದೆ? ಇದಕ್ಕೆ ಉತ್ತರ ಹುಡುಕುವವರು ನೋಡಲೇಬೇಕಾದ ಬದುಕೊಂದು ಅಮೆರಿಕದಲ್ಲಿದೆ. ಆತನ ಹೆಸರು ಡಿಕ್ ಮಾರಿಸ್.

ಕಾರು ತೆರಿಗೆ ಕಲಿಸಿದ ಪಾಠ

ಮಾರಿಸ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ಓದಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ರಾಜಕೀಯ ಕಲಿತದ್ದು ಮ್ಯಾನ್‌ಹಟನ್ನಿನ ಪಶ್ಚಿಮ ಭಾಗದ ವಾರ್ಡು ಮಟ್ಟದ ಜಗಳಗಳಲ್ಲಿ. ಎಪ್ಪತ್ತರ ದಶಕದ ಕೊನೆಗೆ ಅರ್ಕಾನ್ಸಾ ರಾಜ್ಯದ ಯುವ ಅಟಾರ್ನಿ ಜನರಲ್ ಒಬ್ಬ ಆತನ ಕೈ ಹಿಡಿದ. ಅವನೇ ಬಿಲ್ ಕ್ಲಿಂಟನ್. 1978ರಲ್ಲಿ ಕ್ಲಿಂಟನ್ ಗವರ್ನರ್ ಆದ. ಗೆದ್ದ ಮೇಲೆ ಮಾರಿಸ್ ಬೇಡವಾದ.

ಎರಡೇ ವರ್ಷಕ್ಕೆ, 1980ರಲ್ಲಿ, ಕ್ಲಿಂಟನ್ ಸೋತ. ಸೋಲಿಗೆ ದೊಡ್ಡ ಕಾರಣಗಳಲ್ಲೊಂದು ವಾಹನ ನೋಂದಣಿ ಶುಲ್ಕದ ಏರಿಕೆ. ರಸ್ತೆ ದುರಸ್ತಿಗೆ ಹಣ ಬೇಕೆಂದು ಏರಿಸಿದ ಶುಲ್ಕ, ಹಳೆಯ ಭಾರದ ವಾಹನಗಳನ್ನಿಟ್ಟುಕೊಂಡ ಹಳ್ಳಿಗರ ಜೇಬಿಗೆ ನೇರ ಕೈ ಹಾಕಿತ್ತು. ಫೋರ್ಟ್ ಚಾಫಿಯಲ್ಲಿ ಇರಿಸಿದ್ದ ಕ್ಯೂಬಾ ನಿರಾಶ್ರಿತರ ಗಲಾಟೆ ಅದಕ್ಕೆ ಸೇರಿಕೊಂಡಿತು. ಸೋತ ಕ್ಲಿಂಟನ್ ಮತ್ತೆ ಮಾರಿಸ್‌ನನ್ನು ಕರೆಸಿದ.

ಮಾರಿಸ್ ಕೊಟ್ಟ ಸಲಹೆ ಆ ಕಾಲಕ್ಕೆ ವಿಚಿತ್ರವಾಗಿತ್ತು. ಪ್ರಚಾರ ಶುರುವಾಗುವ ಮೊದಲೇ ಜನರ ಮುಂದೆ ತಪ್ಪೊಪ್ಪಿಕೋ ಎಂದ. 1982ರಲ್ಲಿ ಕ್ಲಿಂಟನ್ ಕ್ಯಾಮೆರಾ ಎದುರು ಕೂತು, ಮೊದಲ ಅವಧಿಯಲ್ಲಿ ಎಡವಿದೆ, ಪಾಠ ಕಲಿತೆ ಎಂಬರ್ಥದ ಜಾಹೀರಾತು ಮಾಡಿದ. ಮೊದಲು ಅವನ ಜನಪ್ರಿಯತೆ ಕುಸಿಯಿತು. ಜನ ಮರೆತಿದ್ದ ಸಿಟ್ಟನ್ನು ಅವನೇ ಕೆದಕಿದಂತಾಗಿತ್ತು. ಆಮೇಲೆ ಎದುರಾಳಿಗಳು ಅದೇ ಶುಲ್ಕದ ವಿಷಯ ಎತ್ತಿದಾಗ ಏಟು ತಾಗಲೇ ಇಲ್ಲ. ಕ್ಷಮೆ ಕೇಳಿದವನನ್ನು ಎಷ್ಟು ಸಲ ಬೈಯುವುದು ಎಂದು ಮತದಾರ ಅಂದುಕೊಂಡ. ಕ್ಲಿಂಟನ್ ಮತ್ತೆ ಗವರ್ನರ್ ಆದ.

ಮಾರಿಸ್‌ನ ಕಸುಬಿನ ಬಲ ಇಲ್ಲಿದೆ. ಜನ ಏನು ಯೋಚಿಸಬೇಕು ಎಂಬುದು ಆತನಿಗೆ ಮುಖ್ಯವಾಗಿರಲಿಲ್ಲ. ಏನು ಯೋಚಿಸುತ್ತಿದ್ದಾರೆ ಎಂಬುದನ್ನು ಸಮೀಕ್ಷೆಯಲ್ಲಿ ಅಳೆದು, ಅದು ಕಹಿಯಾಗಿದ್ದರೂ ಯಜಮಾನನ ಮುಖಕ್ಕೆ ಹೇಳುವುದು ಅವನ ಕೆಲಸ. ತಪ್ಪು ಹೇಳಿದರೆ ಯಜಮಾನ ಸೋಲುತ್ತಾನೆ, ಸೋತರೆ ಸಂಬಳ ನಿಲ್ಲುತ್ತದೆ.

‘ಚಾರ್ಲಿ’ಯ ದಿನಗಳು

ಈ ಮಧ್ಯೆ ಮಾರಿಸ್ ಆಚೆ ಮನೆಗೂ ಕೆಲಸ ಮಾಡಿದ. ಮಿಸಿಸಿಪ್ಪಿಯ ಟ್ರೆಂಟ್ ಲಾಟ್ ಸೇರಿದಂತೆ ಹಲವು ರಿಪಬ್ಲಿಕನ್ನರು ಅವನ ಗಿರಾಕಿಗಳು. 1994ರ ಮಧ್ಯಂತರ ಚುನಾವಣೆಯಲ್ಲಿ ಅಧ್ಯಕ್ಷ ಕ್ಲಿಂಟನ್‌ನ ಡೆಮಾಕ್ರಟಿಕ್ ಪಕ್ಷ ಸಂಸತ್ತಿನ ಎರಡೂ ಸದನಗಳನ್ನು ಕಳೆದುಕೊಂಡಿತು. ಕೆಳಮನೆಯಲ್ಲಿ ರಿಪಬ್ಲಿಕನ್ನರಿಗೆ ಬಹುಮತ ಸಿಕ್ಕಿದ್ದು ನಲವತ್ತು ವರ್ಷಗಳ ನಂತರ. ಕ್ಲಿಂಟನ್ ಹಳೆಯ ತಂತ್ರಗಾರನನ್ನು ಮತ್ತೆ ಕರೆದ, ಈ ಬಾರಿ ಗುಟ್ಟಾಗಿ. ಶ್ವೇತಭವನದ ಸಿಬ್ಬಂದಿಗೂ ಗೊತ್ತಾಗದಂತೆ ಅವನಿಗೆ ಇಟ್ಟ ಗುಪ್ತನಾಮ ‘ಚಾರ್ಲಿ’. ಅಧ್ಯಕ್ಷರ ಭಾಷಣ ಯಾಕೆ ಏಕಾಏಕಿ ಬದಲಾಗುತ್ತಿದೆ ಎಂದು ಅವರ ಸ್ವಂತ ಸಲಹೆಗಾರರೇ ತಲೆ ಕೆರೆದುಕೊಂಡರು.

ಎಡ–ಬಲ ಎರಡರ ಜನಪ್ರಿಯ ಅಂಶಗಳನ್ನು ಎತ್ತಿಕೊಂಡು, ಎರಡಕ್ಕೂ ಮೇಲೆ ನಿಂತಂತೆ ಕಾಣಿಸಿಕೊಳ್ಳುವುದು ಮಾರಿಸ್‌ನ ಸೂತ್ರ. ಸಮತೋಲನ ಬಜೆಟ್, 1996ರ ಕಲ್ಯಾಣ ಯೋಜನೆ ಸುಧಾರಣೆ, ಶಾಲಾ ಸಮವಸ್ತ್ರ, ಮಕ್ಕಳು ನೋಡಬಾರದ್ದನ್ನು ತಡೆಯುವ ಟಿ.ವಿ. ಚಿಪ್ ಎಲ್ಲವೂ ಆ ಲೆಕ್ಕದಲ್ಲಿ ಬಂದವು. ಅಧ್ಯಕ್ಷರು ರಜೆ ಎಲ್ಲಿ ಕಳೆಯಬೇಕೆಂಬುದನ್ನೂ ಸಮೀಕ್ಷೆ ಮಾಡಿಸಿದ. ಸಿರಿವಂತರ ದ್ವೀಪ ಬೇಡ, ಬೆಟ್ಟ ಹತ್ತಿ ಡೇರೆ ಹಾಕಲಿ ಎಂದಿತು ಫಲಿತಾಂಶ. 1995ರ ಬೇಸಗೆಯಲ್ಲಿ ಕ್ಲಿಂಟನ್ ಕುಟುಂಬ ವಯೋಮಿಂಗ್‌ನ ಬೆಟ್ಟಗಳಿಗೆ ಹೋಯಿತು.

ಜಾಹೀರಾತಿನ ವಿಷಯದಲ್ಲೂ ಅವನದು ನಾಜೂಕಿನ ಕೆಲಸ. ಮತದಾನಕ್ಕೆ ಒಂದು ವರ್ಷಕ್ಕೂ ಹೆಚ್ಚು ಸಮಯವಿರುವಾಗಲೇ ಟಿ.ವಿ. ಜಾಹೀರಾತು ಹರಿಯತೊಡಗಿತು. ಅವು ವಾಷಿಂಗ್ಟನ್, ನ್ಯೂಯಾರ್ಕ್ ನಗರಗಳಲ್ಲಿ ಮಾತ್ರ ಕಾಣುತ್ತಿರಲಿಲ್ಲ. ದೊಡ್ಡ ಪತ್ರಕರ್ತರೆಲ್ಲ ಇದ್ದದ್ದು ಅಲ್ಲೇ. ಸಣ್ಣ ನಗರಗಳ ಮತದಾರರು ತಿಂಗಳುಗಟ್ಟಲೆ ನೋಡಿದ ಪ್ರಚಾರವನ್ನು ರಾಜಧಾನಿಯ ಪಂಡಿತರು ನೋಡಲೇ ಇಲ್ಲ. ಟಿ.ವಿ.ಯಲ್ಲಿ ಮಾತಾಡುವವರ ಕಣ್ಣು ತಪ್ಪಿಸಿ ಚುನಾವಣೆ ಗೆಲ್ಲಬಹುದೆಂದು ತೋರಿಸಿಕೊಟ್ಟ ಮನುಷ್ಯ ಮುಂದೆ ಟಿ.ವಿ.ಯಲ್ಲೇ ಮಾತಾಡಿ ಬದುಕಿದ.

1996ರ ಆಗಸ್ಟ್ 29. ಶಿಕಾಗೊದ ಪಕ್ಷದ ಮಹಾಧಿವೇಶನದಲ್ಲಿ ಕ್ಲಿಂಟನ್ ಉಮೇದುವಾರಿಕೆ ಒಪ್ಪಿ ಭಾಷಣ ಮಾಡುವ ದಿನ. ‘ಸ್ಟಾರ್’ ಎಂಬ ಟ್ಯಾಬ್ಲಾಯ್ಡ್ ಪತ್ರಿಕೆ ವಾಷಿಂಗ್ಟನ್‌ನ ಹೋಟೆಲೊಂದರಲ್ಲಿ ವೇಶ್ಯೆಯೊಬ್ಬಳ ಜತೆ ಮಾರಿಸ್‌ಗಿದ್ದ ಸಂಬಂಧವನ್ನು ಬಯಲಿಗೆಳೆಯಿತು. ಅಧ್ಯಕ್ಷರೊಂದಿಗಿನ ಫೋನು ಮಾತನ್ನು ಅವಳಿಗೂ ಕೇಳಿಸಿದ್ದನೆಂಬ ಆರೋಪ ಬಂತು. ಮಾರಿಸ್ ಅಂದೇ ರಾಜೀನಾಮೆ ಕೊಟ್ಟ. ನವೆಂಬರಿನಲ್ಲಿ ಕ್ಲಿಂಟನ್ 379 ಎಲೆಕ್ಟೋರಲ್ ಮತಗಳೊಂದಿಗೆ ಗೆದ್ದಾಗ ಗೆಲುವಿನ ಶಿಲ್ಪಿ ವೇದಿಕೆಯಲ್ಲಿರಲಿಲ್ಲ.

ಗಿರಾಕಿ ಬದಲಾದಾಗ

ಆ ಹಗರಣದ ನಂತರ ದೊಡ್ಡ ರಾಜಕಾರಣಿಗಳ ಬಾಗಿಲು ಮುಚ್ಚಿತು. ಟಿ.ವಿ.ಯ ಬಾಗಿಲು ತೆರೆಯಿತು. 1996ರ ಅಕ್ಟೋಬರಿನಲ್ಲಿ ಶುರುವಾಗಿದ್ದ ಫಾಕ್ಸ್ ನ್ಯೂಸ್ ಚಾನೆಲನ್ನು ಕಟ್ಟಿದ ರೋಜರ್ ಐಲ್ಸ್ ಸ್ವತಃ ಹಳೆಯ ತಂತ್ರಗಾರ. 1968ರಲ್ಲಿ ರಿಚರ್ಡ್ ನಿಕ್ಸನ್‌ನನ್ನು ಟಿ.ವಿ.ಗೆ ಒಗ್ಗಿಸಿದವನು, 1988ರಲ್ಲಿ ಹಿರಿಯ ಬುಷ್‌ಗೆ ಸಲಹೆ ಕೊಟ್ಟವನು. ಅವನ ಚಾನೆಲ್‌ನಲ್ಲಿ ಮಾರಿಸ್ ಹದಿನೈದು ವರ್ಷಗಳಷ್ಟು ಕಾಲ ಮಾತಾಡಿದ. ಪತ್ನಿ ಐಲೀನ್ ಮೆಗಾನ್ ಜತೆ ಸೇರಿ ಪುಸ್ತಕದ ಮೇಲೆ ಪುಸ್ತಕ ಬರೆದ. ಅವುಗಳಲ್ಲಿ ಹಲವು ಹಳೆಯ ಯಜಮಾನ ಮತ್ತು ಆತನ ಹೆಂಡತಿಯ ವಿರುದ್ಧವೇ.

ಭವಿಷ್ಯ ನುಡಿಯುವ ಚಟ ಶುರುವಾದದ್ದು ಆಗಲೇ. 2008ರ ಚುನಾವಣೆ ಹಿಲರಿ ಕ್ಲಿಂಟನ್ ಮತ್ತು ಕಾಂಡೊಲೀಜಾ ರೈಸ್ ನಡುವೆ ಎಂದು 2005ರಲ್ಲೇ ಪುಸ್ತಕ ಬಂತು. ಕಣದಲ್ಲಿ ಉಳಿದದ್ದು ಬರಾಕ್ ಒಬಾಮ ಮತ್ತು ಜಾನ್ ಮೆಕೇನ್. 2010ರಲ್ಲಿ ರಿಪಬ್ಲಿಕನ್ನರಿಗೆ ಕೆಳಮನೆಯಲ್ಲಿ ನೂರರವರೆಗೂ ಹೆಚ್ಚುವರಿ ಸ್ಥಾನ ಸಿಗಬಹುದೆಂದ. ಸಿಕ್ಕಿದ್ದು 63. ಅದೇ ದೊಡ್ಡ ಗೆಲುವಾದ್ದರಿಂದ ಯಾರೂ ಲೆಕ್ಕ ಕೇಳಲಿಲ್ಲ.

2012ರಲ್ಲಿ ಕೇಳಿದರು. ಮಿಟ್ ರಾಮ್ನಿ 325, ಒಬಾಮ 213 ಎಂದು ಮತದಾನಕ್ಕೆ ಮುಂಚಿನ ದಿನಗಳಲ್ಲಿ ಮಾರಿಸ್ ಬರೆದ, ಟಿ.ವಿ.ಯಲ್ಲೂ ರಾಮ್ನಿ ಅಲೆ ಎಂದು ಸಾರಿದ. ನವೆಂಬರ್ 6ರಂದು ಬಂದದ್ದು ಒಬಾಮ 332, ರಾಮ್ನಿ 206. ಉಳಿದ ಬಹುತೇಕ ಸಮೀಕ್ಷೆಗಳು ಒಬಾಮ ಮುಂದಿದ್ದಾರೆಂದೇ ಹೇಳುತ್ತಿದ್ದುದರಿಂದ ಈ ಎಡವಟ್ಟಿಗೆ ಎಲ್ಲರೂ ಎಡವಿದರೆಂಬ ಆಸರೆಯೂ ಸಿಗಲಿಲ್ಲ.

ಕೆಲವೇ ದಿನಗಳಲ್ಲಿ ಅದೇ ಚಾನೆಲ್‌ನಲ್ಲಿ ಅವನು ಕೊಟ್ಟ ವಿವರಣೆ ಆ ಸಂಖ್ಯೆಗಿಂತ ಮುಖ್ಯವಾದದ್ದು. ರಾಮ್ನಿ ಪ್ರಚಾರ ಕುಸಿಯುತ್ತಿತ್ತು, ಬೆಂಬಲಿಗರು ಆಸೆ ಬಿಟ್ಟಿದ್ದರು, ಆ ಹೊತ್ತಿನಲ್ಲಿ ಹಾಗೆ ಹೇಳುವುದು ತನ್ನ ಕರ್ತವ್ಯ ಅನ್ನಿಸಿತು ಎಂದ. ಅಂದರೆ ಆ ಅಂಕಿ ಅಳತೆಯಲ್ಲ, ಹುರಿದುಂಬಿಸುವ ಘೋಷಣೆ. 1982ರಲ್ಲಿ ಗವರ್ನರ್‌ಗೆ ಕಹಿ ಹೇಳಿದ್ದ ಅದೇ ಮನುಷ್ಯ ಮೂವತ್ತು ವರ್ಷಗಳ ನಂತರ ಲಕ್ಷಾಂತರ ನೋಡುಗರಿಗೆ ಸಿಹಿ ಬಡಿಸಿದ್ದ. ಅವನ ಬುದ್ಧಿ ಮಂಕಾಗಿರಲಿಲ್ಲ, ಗಿರಾಕಿ ಬದಲಾಗಿದ್ದ. ಅಭ್ಯರ್ಥಿಗೆ ಗೆಲ್ಲಲು ನಿಜ ಬೇಕು. ರಾತ್ರಿ ಒಂಬತ್ತರ ನೋಡುಗನಿಗೆ ಚಾನೆಲ್ ಬದಲಿಸದೆ ಕೂರಲು ಭರವಸೆ ಬೇಕು, ಇಲ್ಲವೇ ಭಯ ಬೇಕು.

ಅದೇ ಫಲಿತಾಂಶದ ರಾತ್ರಿ ಅದೇ ಚಾನೆಲ್‌ನಲ್ಲಿ ಇನ್ನೊಬ್ಬ ತಂತ್ರಗಾರನೂ ಸಿಕ್ಕಿಬಿದ್ದ. ಕಿರಿಯ ಬುಷ್‌ನ ಎರಡು ಗೆಲುವುಗಳ ರೂವಾರಿ ಕಾರ್ಲ್ ರೋವ್, ಒಹಾಯೊ ರಾಜ್ಯ ಒಬಾಮಗೆ ಎಂದು ಫಾಕ್ಸ್ ಘೋಷಿಸಿದಾಗ ನೇರಪ್ರಸಾರದಲ್ಲೇ ಒಪ್ಪಲಿಲ್ಲ. ರಾಮ್ನಿ ಪರ ಕೋಟಿಗಟ್ಟಲೆ ಡಾಲರ್ ಸುರಿದ ಸಂಘಟನೆಯ ಹಿಂದೆ ಇದ್ದವನೂ ಅವನೇ. ನಿರೂಪಕಿ ಮೆಗಿನ್ ಕೆಲಿ ಕುರ್ಚಿಯಿಂದೆದ್ದು, ಕ್ಯಾಮೆರಾ ಹಿಂಬಾಲಿಸುತ್ತಿದ್ದಂತೆ ಕಾರಿಡಾರಿನಲ್ಲಿ ನಡೆದು, ಅಂಕಿ–ಅಂಶದ ತಂಡ ಕೂತಿದ್ದ ಕೋಣೆಗೇ ಹೋಗಿ ಕೇಳಿದಳು. ತಮ್ಮ ಘೋಷಣೆ ಸರಿ ಎಂದೇ ಅವರು ಹೇಳಿದರು. ಲೆಕ್ಕ ಮಾಡುವವರ ಕೋಣೆಗೂ ಲೆಕ್ಕ ಹೇಳುವವರ ಮೇಜಿಗೂ ನಡುವಿನ ದೂರವನ್ನು ದೇಶವೇ ಕೂತು ನೋಡಿತು.

ಡಿಸೆಂಬರಿನಲ್ಲಿ ರೋವ್ ಮತ್ತು ಮಾರಿಸ್ ಇಬ್ಬರನ್ನೂ ಮೇಲಿನವರ ಅನುಮತಿಯಿಲ್ಲದೆ ಕರೆಯಬಾರದೆಂದು ಚಾನೆಲ್ ಒಳಗೆ ಸೂಚನೆ ಹೋಯಿತು. ರೋವ್‌ನ ಒಪ್ಪಂದ ಮುಂದುವರಿಯಿತು, ಮಾರಿಸ್‌ನದು 2013ರ ಫೆಬ್ರುವರಿಯಲ್ಲಿ ಮುಗಿಯಿತು. ತಪ್ಪು ಇಬ್ಬರದೂ. ಆದರೆ ರೋವ್‌ಗೆ ಪಕ್ಷದ ಒಳಗೆ ಇನ್ನೂ ಹಿಡಿತವಿತ್ತು, ಮಾರಿಸ್‌ಗೆ ಉಳಿದದ್ದು ಬಾಯಿ ಮಾತ್ರ. ಅವನೇನೂ ಮನೆಯಲ್ಲಿ ಕೂರಲಿಲ್ಲ. ಫಿಲಡೆಲ್ಫಿಯಾದ ರೇಡಿಯೊ, ನ್ಯಾಷನಲ್ ಎನ್‌ಕ್ವೈರರ್ ಪತ್ರಿಕೆ, ಆಮೇಲೆ ನ್ಯೂಸ್‌ಮ್ಯಾಕ್ಸ್ ಟಿ.ವಿ., ಹೀಗೆ ಮಾತು ಮುಂದುವರಿಯಿತು.

ಸಾಸಾರಾಮ್‌ನ ಹುಡುಗ, ಬಳ್ಳಾರಿಯ ಹುಡುಗ

ಭಾರತದಲ್ಲಿ ಈ ದಾರಿಯಲ್ಲಿ ಅತಿ ದೂರ ನಡೆದವರು ಪ್ರಶಾಂತ್ ಕಿಶೋರ್. ಬಿಹಾರದ ಸಾಸಾರಾಮ್ ಕಡೆಯವರು. ವಿಶ್ವಸಂಸ್ಥೆಯ ಆರೋಗ್ಯ ಯೋಜನೆಗಳಲ್ಲಿದ್ದವರು ಗುಜರಾತಿಗೆ ಬಂದು 2012ರಲ್ಲಿ ನರೇಂದ್ರ ಮೋದಿ ಅವರ ಪ್ರಚಾರಕ್ಕೆ ಕೈಜೋಡಿಸಿದರು. 2014ರ ‘ಚಾಯ್ ಪೆ ಚರ್ಚಾ’, ಒಂದೇ ಹೊತ್ತಿಗೆ ಹಲವು ಊರುಗಳಲ್ಲಿ ಮೋದಿ ಪ್ರತ್ಯಕ್ಷವಾಗುತ್ತಿದ್ದ ಹೊಲೊಗ್ರಾಮ್ ಸಭೆಗಳು ಅವರ ತಂಡದ ಕೆಲಸ. ಮರುವರ್ಷವೇ ಅವರು ಎದುರು ಪಾಳಯದ ನಿತೀಶ್ ಕುಮಾರ್ ಜತೆ ನಿಂತರು. 243 ಸ್ಥಾನಗಳ ಬಿಹಾರದಲ್ಲಿ ಮಹಾಮೈತ್ರಿಗೆ 178 ಬಂತು, ಕಿಶೋರ್‌ಗೆ ಸಂಪುಟ ದರ್ಜೆಯ ಸಲಹೆಗಾರ ಸ್ಥಾನ ಸಿಕ್ಕಿತು. 2017ರಲ್ಲಿ ಪಂಜಾಬಿನಲ್ಲಿ ಗೆಲುವು, ಉತ್ತರ ಪ್ರದೇಶದಲ್ಲಿ ಕಾಂಗ್ರೆಸ್ಸಿಗೆ ಬರೀ ಏಳು ಸ್ಥಾನ. 2019ರಲ್ಲಿ ಆಂಧ್ರದ ಜಗನ್‌ಗೆ 175ರಲ್ಲಿ 151.

2020ರ ಡಿಸೆಂಬರಿನಲ್ಲಿ ಬಂಗಾಳದ ಬಗ್ಗೆ ಕಿಶೋರ್ ಒಂದು ಪಂಥ ಕಟ್ಟಿದರು. ಬಿಜೆಪಿ ಎರಡಂಕಿ ದಾಟದು, ದಾಟಿದರೆ ಈ ಕೆಲಸ ಬಿಡುತ್ತೇನೆ ಎಂದರು. 2021ರ ಮೇ 2ರಂದು ಬಿಜೆಪಿ 77ಕ್ಕೆ ನಿಂತಿತು. ಪಂಥ ಗೆದ್ದ ದಿನವೇ ಟಿ.ವಿ. ಸಂದರ್ಶನದಲ್ಲಿ ಈ ವೃತ್ತಿ ಸಾಕು ಎಂದು ಘೋಷಿಸಿದರು. ಆ ಅಂದಾಜಿನ ಹಿಂದೆ ಅವರ ಸಂಸ್ಥೆ ಐಪ್ಯಾಕ್‌ನ ನೂರಾರು ಜನ ಬಂಗಾಳದ ಬೂತುಗಳಲ್ಲಿ ಓಡಾಡಿ ತಂದ ಮಾಹಿತಿಯಿತ್ತು. ತಪ್ಪಿದ್ದರೆ ಮಮತಾ ಬ್ಯಾನರ್ಜಿ ಸೋಲುತ್ತಿದ್ದರು.

2024ರ ಮೇ ತಿಂಗಳಲ್ಲಿ ಕಿಶೋರ್ ಮತ್ತೆ ಸಂದರ್ಶನದ ಮೇಲೆ ಸಂದರ್ಶನ ಕೊಟ್ಟರು. ಈ ಸಲ ಹಿಂದೆ ಗಿರಾಕಿ ಇರಲಿಲ್ಲ. ಬಿಜೆಪಿಗೆ ಸುಮಾರು 300 ಎಂದರು. ಹಿಂದೆ ತಪ್ಪಿದ ಅಂದಾಜಿನ ಬಗ್ಗೆ ಪತ್ರಕರ್ತ ಕರಣ್ ಥಾಪರ್ ಕೆದಕಿದಾಗ ಸಿಟ್ಟಾದರು. ಜೂನ್ 4ರಂದು ಬಿಜೆಪಿಗೆ ಬಂದದ್ದು 240. ಎನ್‌ಡಿಎಗೆ 361ರಿಂದ 401 ಎಂದಿದ್ದ ಆಕ್ಸಿಸ್ ಮೈ ಇಂಡಿಯಾದ ಪ್ರದೀಪ್ ಗುಪ್ತಾ ಅಂದು ಸ್ಟುಡಿಯೊದಲ್ಲೇ ಕಣ್ಣೀರಿಟ್ಟರು. ಬಂದದ್ದು 293. ಕೆಲವು ದಿನಗಳ ನಂತರ ಕಿಶೋರ್ ಕೂಡ ತಪ್ಪಾಯಿತೆಂದು ಒಪ್ಪಿಕೊಂಡರು, ಇನ್ನು ಮುಂದೆ ಸ್ಥಾನಗಳ ಸಂಖ್ಯೆ ಹೇಳುವುದಿಲ್ಲ ಎಂದರು.

ಆ ಚುನಾವಣೆಯಲ್ಲಿ ಸರಿಯಾದ ಅಂಕಿಯ ಹತ್ತಿರ ಇದ್ದವರು ಯೋಗೇಂದ್ರ ಯಾದವ್. ಬಿಜೆಪಿಗೆ 240ರಿಂದ 260 ಎಂದಿದ್ದರು. ಅವರು ತಟಸ್ಥರಾಗಿರಲಿಲ್ಲ, ವಿರೋಧ ಪಕ್ಷಗಳ ಪರ ಬಹಿರಂಗವಾಗಿ ಓಡಾಡುತ್ತಿದ್ದವರು. ಆದರೆ ತಾನು ಯಾರ ಕಡೆ ಎಂದು ಮೊದಲೇ ಹೇಳಿದ್ದರು, ಯಾವ ರಾಜ್ಯದಲ್ಲಿ ಎಷ್ಟು ಕಡಿಮೆಯಾಗುತ್ತದೆಂದು ಬಿಡಿಬಿಡಿಯಾಗಿ ಲೆಕ್ಕ ಇಟ್ಟಿದ್ದರು. ಒಲವಿದ್ದವನ ಲೆಕ್ಕವೆಲ್ಲ ಸುಳ್ಳಾಗಬೇಕಿಲ್ಲ. ಲೆಕ್ಕದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರೆ ನೋಡುಗನೇ ಒಲವನ್ನು ಕಳೆದು ಓದಿಕೊಳ್ಳುತ್ತಾನೆ.

ಕರ್ನಾಟಕದ ಕಥೆ ತದ್ವಿರುದ್ಧ. ಬಳ್ಳಾರಿ ಮೂಲದ ಸುನಿಲ್ ಕನುಗೋಲು 2014ರಲ್ಲಿ ಮೋದಿ ಪಾಳಯದಲ್ಲಿದ್ದವರು. ಆಮೇಲೆ ತಮಿಳುನಾಡಿನಲ್ಲಿ 2016ಕ್ಕೆ ಡಿಎಂಕೆ, 2021ಕ್ಕೆ ಅಣ್ಣಾಡಿಎಂಕೆ. 2022ರಲ್ಲಿ ಕಾಂಗ್ರೆಸ್ ಸೇರಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಒಂದು ಬೆಳಿಗ್ಗೆ ‘ಪೇಸಿಎಂ’ ಪೋಸ್ಟರು ಕಾಣಿಸಿಕೊಂಡಿತು. ಪೇಟಿಎಂ ಫಲಕದ ನೀಲಿ–ಬಿಳಿ, ನಡುವೆ ಕ್ಯೂಆರ್ ಕೋಡ್, ಅದರೊಳಗೆ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮುಖ. ಮೊಬೈಲ್ ಹಿಡಿದರೆ ‘40 ಪರ್ಸೆಂಟ್ ಸರ್ಕಾರ’ದ ಜಾಲತಾಣ ತೆರೆದುಕೊಳ್ಳುತ್ತಿತ್ತು. ಗುತ್ತಿಗೆದಾರರ ಸಂಘ ಪ್ರಧಾನಿಗೆ ಬರೆದ ದೂರಿನಲ್ಲಿದ್ದ ಆರೋಪ ಹೀಗೆ ತರಕಾರಿ ಅಂಗಡಿಯಲ್ಲೂ ಗುರುತು ಸಿಗುವ ಚಿತ್ರವಾಯಿತು. ಪೊಲೀಸರು ಪೋಸ್ಟರ್ ಅಂಟಿಸಿದವರನ್ನು ಬಂಧಿಸಿದರು, ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ತಾವೇ ಅಂಟಿಸಲು ಬೀದಿಗಿಳಿದರು. ಅದರ ಹಿಂದಿದ್ದದ್ದು ಕನುಗೋಲು ತಂಡ ಎಂದು ಪತ್ರಿಕೆಗಳು ಬರೆದವು. ಕನುಗೋಲು ಮಾತ್ರ ಬಾಯಿ ಬಿಡಲಿಲ್ಲ.

2023ರ ಮೇ 13ರಂದು ಕಾಂಗ್ರೆಸ್ಸಿಗೆ 135 ಸ್ಥಾನ ಬಂತು. ಬಿಜೆಪಿಯ ಗಟ್ಟಿ ನೆಲೆಯಾಗಿದ್ದ ಕೊಡಗಿನ ಎರಡು ಸ್ಥಾನಗಳೂ ಕೈ ತಪ್ಪಿದವು. ಮಡಿಕೇರಿಯಲ್ಲಿ ಅಪ್ಪಚ್ಚು ರಂಜನ್ ಅವರನ್ನು ಮಂತರ್ ಗೌಡ, ಕರಿಕೆ ಸೇರಿರುವ ವಿರಾಜಪೇಟೆಯಲ್ಲಿ ಕೆ.ಜಿ. ಬೋಪಯ್ಯ ಅವರನ್ನು ಎ.ಎಸ್. ಪೊನ್ನಣ್ಣ ಸೋಲಿಸಿದರು, ಎರಡೂ ಕಡೆ ನಾಲ್ಕು ಸಾವಿರ ಚಿಲ್ಲರೆ ಮತಗಳಿಂದ. ಜೂನ್‌ನಲ್ಲಿ ಕನುಗೋಲು ಸಂಪುಟ ದರ್ಜೆಯೊಂದಿಗೆ ಮುಖ್ಯಮಂತ್ರಿಗಳ ಮುಖ್ಯ ಸಲಹೆಗಾರರಾದರು, ಏಳು ವರ್ಷ ಹಿಂದೆ ಪಟ್ನಾದಲ್ಲಿ ಕಿಶೋರ್ ಆದ ಹಾಗೆ. ಸಾಮ್ಯ ಅಲ್ಲಿಗೇ ನಿಲ್ಲುತ್ತದೆ. ಕನುಗೋಲು ಅವರ ಸಂದರ್ಶನ ಇಲ್ಲ, ಟ್ವೀಟ್ ಇಲ್ಲ, ಒಂದು ಸರಿಯಾದ ಫೋಟೊ ಹುಡುಕಲು ಪತ್ರಿಕಾ ಕಚೇರಿಗಳು ಪರದಾಡಿದವು.

ಮೌನವನ್ನು ಹಾಗೆಂದು ಹೊಗಳುವಂತೆಯೂ ಇಲ್ಲ. ಮರುವರ್ಷ ಲೋಕಸಭೆಗೆ ಕರ್ನಾಟಕದ 28ರಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು ಒಂಬತ್ತು. ಎಲ್ಲಿ ಲೆಕ್ಕ ತಪ್ಪಿತೆಂದು ಕನುಗೋಲು ಪಕ್ಷಕ್ಕೆ ಹೇಳಿರಬಹುದು. ಸಂಪುಟ ದರ್ಜೆಯ ಸವಲತ್ತು ಕೊಡುವ ತೆರಿಗೆದಾರನಿಗೆ ಹೇಳಲಿಲ್ಲ.

ನಾಲ್ಕನೆಯ ಕುರ್ಚಿ

ಕನ್ನಡದ ಸುದ್ದಿ ಚಾನೆಲ್‌ಗಳಿಗೆ ಇನ್ನೂ ಹೆಚ್ಚು ವಯಸ್ಸಾಗಿಲ್ಲ. ಟಿವಿ9 ಕನ್ನಡ 2006ರ ಕೊನೆಗೆ ಬಂತು, ಸುವರ್ಣ ನ್ಯೂಸ್ 2008ರಲ್ಲಿ, ಪಬ್ಲಿಕ್ ಟಿ.ವಿ. 2012ರಲ್ಲಿ. ಸಂಜೆಯ ಚರ್ಚೆಗೆ ಮೂರು ಪಕ್ಷಗಳ ವಕ್ತಾರರು ಮೂರು ಕುರ್ಚಿ, ವಿಶ್ಲೇಷಕರು ನಾಲ್ಕನೆಯ ಕುರ್ಚಿ ಎಂಬ ಏರ್ಪಾಡು ಬಲುಬೇಗ ಸ್ಥಿರವಾಯಿತು. ಇದರ ಹಿಂದೆ ಸರಳವಾದ ಖರ್ಚಿನ ಲೆಕ್ಕವಿದೆ. ಕರಿಕೆಯ ಘಟ್ಟದಲ್ಲಿ ಮಳೆಗಾಲಕ್ಕೆ ರಸ್ತೆ ಕುಸಿದರೆ ಅಲ್ಲಿಗೆ ವರದಿಗಾರ, ಕ್ಯಾಮೆರಾ, ನೇರಪ್ರಸಾರದ ವಾಹನ ಹೋಗಬೇಕು, ವಸತಿಯಾಗಬೇಕು, ನೆಟ್‌ವರ್ಕ್ ಸಿಗಬೇಕು. ನಾಲ್ವರನ್ನು ಬೆಂಗಳೂರಿನ ಸ್ಟುಡಿಯೊಗೆ ಕರೆಸಿದರೆ ಒಂದು ಗಂಟೆ ತುಂಬುತ್ತದೆ, ಅದೂ ಗದ್ದಲದೊಂದಿಗೆ.

2020ರ ಆಗಸ್ಟಿನಲ್ಲಿ ಬ್ರಹ್ಮಗಿರಿ ಕುಸಿದು ತಲಕಾವೇರಿಯ ಅರ್ಚಕರ ಮನೆ ಮಣ್ಣಿನಡಿ ಹೋದಾಗ ಕ್ಯಾಮೆರಾಗಳು ಬೆಟ್ಟ ಹತ್ತಿದವು, ನಿಜ. ಬೆಟ್ಟದಲ್ಲಿ ಇಂಗುಗುಂಡಿ ತೋಡಿದ್ದು ಯಾಕೆ, ಕುಸಿತಕ್ಕೂ ಅದಕ್ಕೂ ಸಂಬಂಧವಿದೆಯೇ ಎಂಬ ಪ್ರಶ್ನೆಗೆ ಭೂವಿಜ್ಞಾನಿ ಬೇಕಿತ್ತು. ಅಂಥ ಹೊತ್ತಿನಲ್ಲೂ ನಾಲ್ಕನೆಯ ಕುರ್ಚಿಗೆ ಎಲ್ಲ ವಿಷಯಕ್ಕೂ ಒದಗುವ ಮಾತುಗಾರನೇ ಸುಲಭವಾಗಿ ಸಿಗುತ್ತಾನೆ.

ಅಧಿಕಾರದ ಪಡಸಾಲೆಗೂ ಈ ಕುರ್ಚಿಗೂ ನಮ್ಮಲ್ಲೂ ಓಡಾಟವಿದೆ. ಹಿರಿಯ ಪತ್ರಕರ್ತ ಮಹದೇವ ಪ್ರಕಾಶ್ ಟಿ.ವಿ. ಚರ್ಚೆಗಳ ಪರಿಚಿತ ಮುಖವಾಗಿದ್ದರು, ಯಡಿಯೂರಪ್ಪ ಅವರ ಮಾಧ್ಯಮ ಸಲಹೆಗಾರರೂ ಆಗಿದ್ದರು. ‘ಪ್ರಜಾವಾಣಿ’ಯಲ್ಲಿದ್ದ ದಿನೇಶ್ ಅಮಿನ್ ಮಟ್ಟು ಸಿದ್ದರಾಮಯ್ಯ ಅವರ ಮೊದಲ ಅವಧಿಯಲ್ಲಿ ಅದೇ ಕೆಲಸ ನೋಡಿಕೊಂಡರು, ಆಮೇಲೂ ಮಾತು–ಬರಹ ನಿಲ್ಲಿಸಲಿಲ್ಲ. ಇಬ್ಬರ ನಂಟೂ ಗುಟ್ಟಾಗಿರಲಿಲ್ಲವಾದ್ದರಿಂದ ನೋಡುಗ ಅದನ್ನು ತೂಗಿಯೇ ಕೇಳುತ್ತಿದ್ದ. ಕೊಡಗಿನವರಿಗೆ ಇದು ಹೊಸದೂ ಅಲ್ಲ. ಅಂಕಣಕಾರ ಪ್ರತಾಪ ಸಿಂಹ 2014ರಲ್ಲಿ ಇಲ್ಲಿನ ಸಂಸದರಾದಾಗ ಅವರ ನಿಲುವು ಏನೆಂದು ಹತ್ತು ವರ್ಷಗಳ ಬರಹವೇ ಹೇಳಿತ್ತು. ಅದಕ್ಕೂ ಹಿಂದೆ ಎ.ಕೆ. ಸುಬ್ಬಯ್ಯ ಬಿಜೆಪಿಯ ರಾಜ್ಯ ಘಟಕದ ಮೊದಲ ಅಧ್ಯಕ್ಷರಾಗಿದ್ದು, ಪಕ್ಷದಿಂದ ಹೊರಬಿದ್ದ ಮೇಲೆ ಅದೇ ಪಕ್ಷವನ್ನು ವೇದಿಕೆಗಳಲ್ಲಿ ಜಾಲಾಡಿದರು. ಯಾರ ಪರ, ಯಾರ ವಿರುದ್ಧ ಎಂದು ಕೇಳುವ ಅಗತ್ಯ ಕೇಳುಗರಿಗೆ ಬೀಳಲಿಲ್ಲ.

ತೊಂದರೆ ಇರುವುದು ಹೆಸರಿನ ಪಟ್ಟಿ ಅರ್ಧವನ್ನಷ್ಟೇ ಹೇಳುವಲ್ಲಿ. ಮಾರಿಸ್ ಫಾಕ್ಸ್‌ನಲ್ಲಿ ಮಾತಾಡುತ್ತಲೇ ರಿಪಬ್ಲಿಕನ್ ನಿಧಿ ಸಂಗ್ರಹ ಸಭೆಯಲ್ಲಿ ಚಾನೆಲ್‌ನ ಸ್ಟುಡಿಯೊ ತೋರಿಸುವ ಅವಕಾಶವನ್ನು ಹರಾಜಿಗಿಟ್ಟಿದ್ದ. ಚಾನೆಲ್‌ಗೇ ಮುಜುಗರವಾಯಿತು. ಷೇರು ಮಾರುಕಟ್ಟೆಯ ಬಗ್ಗೆ ಟಿ.ವಿ.ಯಲ್ಲಿ ಸಲಹೆ ಕೊಡುವವರು ಆ ಷೇರು ತಮ್ಮ ಬಳಿ ಇದೆಯೇ ಎಂದು ಹೇಳಬೇಕು, ಸೆಬಿಯ ನಿಯಮ ಹಾಗಿದೆ. ಮತದ ಬಗ್ಗೆ ಮಾತಾಡುವವರು ಹಿಂದಿನ ವರ್ಷ ಯಾರಿಂದ ಸಂಬಳ ಪಡೆದರು, ಈಗ ಯಾವ ಪಕ್ಷಕ್ಕೆ ಸಮೀಕ್ಷೆ ಮಾಡಿಕೊಡುತ್ತಿದ್ದಾರೆ ಎಂದು ಹೇಳುವುದು ಅವರ ಮರ್ಜಿಗೆ ಬಿಟ್ಟದ್ದು.

ಹಳೆಯ ಮಾತು ಉಳಿಯುವ ಕಾಲ ಇದೆಂಬುದಷ್ಟೇ ಈಗಿನ ನೋಡುಗನಿಗಿರುವ ಅನುಕೂಲ. ಹತ್ತು ವರ್ಷ ಹಿಂದಿನ ಅಂದಾಜು ಯೂಟ್ಯೂಬಿನಲ್ಲಿ ಸಿಗುತ್ತದೆ. ಟ್ರೋಲ್ ಪುಟಗಳ ಹುಡುಗರು ಮತ ಎಣಿಕೆಯ ದಿನ ಹಳೆಯ ಕ್ಲಿಪ್ಪು ಹೆಕ್ಕಿ ತೆಗೆಯುವಷ್ಟು ಶ್ರದ್ಧೆಯನ್ನು ಯಾವ ಚಾನೆಲ್ಲೂ ತೋರಿಸಿಲ್ಲ.

2025ರ ಬಿಹಾರ ಚುನಾವಣೆಯಲ್ಲಿ ಅದು ಚೆನ್ನಾಗಿ ಕಂಡಿತು. ಕಿಶೋರ್ ಅಷ್ಟು ಹೊತ್ತಿಗೆ 2024ರ ಗಾಂಧಿ ಜಯಂತಿಯಂದು ಜನ ಸುರಾಜ್ ಪಕ್ಷ ಕಟ್ಟಿದ್ದರು. ಸಂಖ್ಯೆ ಹೇಳುವುದಿಲ್ಲ ಎಂದಿದ್ದ ಮಾತು ಮರೆತು, ನಿತೀಶ್ ಅವರ ಜೆಡಿಯು 25 ದಾಟುವುದಿಲ್ಲ, ದಾಟಿದರೆ ರಾಜಕೀಯ ಬಿಡುತ್ತೇನೆ ಎಂದು ಸಂದರ್ಶನಗಳಲ್ಲಿ ಹೇಳಿದರು. ನವೆಂಬರ್ 14ರಂದು ಜೆಡಿಯುಗೆ 85 ಬಂತು. ಜನ ಸುರಾಜ್ ಖಾತೆ ತೆರೆಯಲಿಲ್ಲ. ಸಂಜೆಯೊಳಗೆ 25ರ ಕ್ಲಿಪ್ಪು ಎಲ್ಲ ಮೊಬೈಲುಗಳಲ್ಲಿತ್ತು.

ನಾಲ್ಕು ದಿನಗಳ ನಂತರ ಪಟ್ನಾದ ಪತ್ರಿಕಾಗೋಷ್ಠಿಯಲ್ಲಿ ಕಿಶೋರ್ ಸೋಲಿನ ಹೊಣೆ ಹೊತ್ತರು, ಪ್ರಾಯಶ್ಚಿತ್ತವಾಗಿ ಒಂದು ದಿನ ಮೌನ ಉಪವಾಸ ಕೂರುವೆನೆಂದರು. ಪಂಥದ ಮಾತು ಏನಾಯಿತು, ರಾಜಕೀಯ ಬಿಡುತ್ತೀರಾ ಎಂದು ವರದಿಗಾರರು ಕೇಳಿದರು. ರಾಜೀನಾಮೆ ಕೊಡಲು ತಾನು ಯಾವ ಹುದ್ದೆಯಲ್ಲಿದ್ದೇನೆ ಎಂದು ಅವರು ಮರುಪ್ರಶ್ನೆ ಹಾಕಿದರು.